ಶುಕ್ರವಾರ ಬಿದ್ದ ಹತ್ತನೆಯ ಕಂತು

1974ರಲ್ಲಿ ನಾನು ಸೇಡಂನಲ್ಲಿ ಹೊಲಿಗೆ ಕಲಿಸುವ ಟೀಚರ್ ಆಗಿದ್ದೆ. ಸರಕಾರಿ ಟೀಚರ್ ಅಲ್ಲ, ಬಜಾರಿನ ಒಂದು ಅಂಗಡಿಯ ಟೀಚರ್. ಕೆಳಗೆ ರೇಡಿಯೊ, ಸೈಕಲ್, ಹೊಲಿಗೆ ಮಷೀನು ಮಾರುವ ಅಂಗಡಿ. ಮಹಡಿಯ ಮೇಲೆ ನನ್ನ ಕ್ಲಾಸು. ಆರು ಮಷೀನು, ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜು, ಇಪ್ಪತ್ತು ಜನ ಹೆಣ್ಣುಮಕ್ಕಳು. ಚಿತ್ತಾಪುರದಿಂದ ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಬಂದು ಸಂಜೆಯ ರೈಲಿಗೆ ಹಿಂತಿರುಗುತ್ತಿದ್ದೆ. ಪಗಾರ ತಿಂಗಳಿಗೆ ನೂರಾ ಇಪ್ಪತ್ತು ರೂಪಾಯಿ. ನನ್ನ ಹತ್ತಿರ ಕಲಿತವರು ಮಷೀನು ಕೊಂಡರೆ ಒಂದಕ್ಕೆ ಐದು ರೂಪಾಯಿ ಕಮಿಷನ್. ಈ ಐದು ರೂಪಾಯಿಯ ಮಾತನ್ನು ಇಷ್ಟು ವರ್ಷ ಯಾರ ಮುಂದೆಯೂ ಎತ್ತಿರಲಿಲ್ಲ. ಈಗ ಎತ್ತಲೇಬೇಕು. ಅದನ್ನು ಬಿಟ್ಟು ಹೇಳಿದರೆ ಈ ಸಂಗತಿಯಲ್ಲಿ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತೇನೆ.

ಮಷೀನಿನ ಬೆಲೆ ನಾಲ್ಕು ನೂರಾ ಎಂಬತ್ತು. ಮೊದಲು ಎಂಬತ್ತು ಕೊಟ್ಟು ಮನೆಗೆ ಒಯ್ಯಬಹುದು. ಉಳಿದ ನಾಲ್ಕು ನೂರನ್ನು ತಿಂಗಳಿಗೆ ನಲವತ್ತರಂತೆ ಹತ್ತು ಕಂತಿನಲ್ಲಿ ಕಟ್ಟಬೇಕು. 'ಬಡ್ಡಿ ಇಲ್ಲ' ಎಂದು ಕೆಂಪು ಅಕ್ಷರದಲ್ಲಿ ಬರೆದ ಬೋರ್ಡು ಅಂಗಡಿಯ ಬಾಗಿಲಲ್ಲೇ ಇತ್ತು. ಈ ಪದ್ಧತಿಗೆ ಹೈರ್ ಪರ್ಚೇಸ್ ಎನ್ನುತ್ತಾರೆ. ಕೊನೆಯ ಕಂತು ಮುಟ್ಟಿ ಕಂತು ಬರೆಯುವ ಕಾರ್ಡಿನ ಮೇಲೆ 'ಪೂರ್ತಿ ಜಮಾ' ಎಂಬ ಸಿಕ್ಕೆ, ಅಂದರೆ ಮುದ್ರೆ, ಬೀಳುವ ತನಕ ಮಷೀನು ಅಂಗಡಿಯದೇ. ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಒಂದು ಲೆಕ್ಕದಲ್ಲಿ ಬಾಡಿಗೆ. ಕಾರ್ಡಿನ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂಬತ್ತು ಕಂಡಿಷನ್‌ಗಳಿದ್ದವು. ಏಳನೆಯದು ಹೀಗಿತ್ತು: ಯಾವುದೇ ಒಂದು ಕಂತು ಗೊತ್ತಾದ ತಾರೀಖು ದಾಟಿದರೆ ಬಿಟ್ಟುಕೊಟ್ಟ ಬಡ್ಡಿಯೆಲ್ಲ ಮೊದಲ ದಿನದಿಂದ, ಪೂರ್ತಿ ನಾಲ್ಕು ನೂರರ ಮೇಲೆ, ತಿಂಗಳಿಗೆ ನೂರಕ್ಕೆ ಎರಡರಂತೆ ಕೊಡತಕ್ಕದ್ದು. ಅಂದರೆ ಬಡ್ಡಿ ಇತ್ತು. ಬಾಗಿಲ ಹಿಂದೆ ನಿಂತಿತ್ತು, ಅಷ್ಟೆ.

ನಾನು ಮೆಟ್ರಿಕ್ ಪಾಸಾದವಳು. ಏಳನೆಯ ಕಂಡಿಷನ್ ಓದಿದ್ದೆ, ತಿಳಿದೂ ಇತ್ತು. ಹೆಣ್ಣುಮಕ್ಕಳಿಗೆ ಇದನ್ನು ಹೇಳಬೇಕಲ್ಲವೇ ಎಂದು ಒಮ್ಮೆ ಅಂಗಡಿಯ ಸಾಹುಕಾರರನ್ನು ಕೇಳಿದೆ.

"ಅದೆಲ್ಲ ಕಂಪನಿ ಕಾಗದ ಅಕ್ಕೋರ. ಓದಿ ಹೇಳಿದ್ರ ಮಂದಿ ಅಂಜತಾರ. ನೀವು ತಾರೀಖ್ ಒಂದು ನೆನಪ ಮಾಡ್ರಿ, ಸಾಕು" ಎಂದರು.

ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುವುದು ರೂಢಿ. ಅಕ್ಕೋರು ತಾರೀಖು ಒಂದನ್ನೇ ನೆನಪು ಮಾಡುತ್ತ ಬಂದರು. ತಿಂಗಳಿಗೆ ಒಂದೆರಡು ಮಷೀನು ಹೋಗುತ್ತಿದ್ದವು.

ಚಂದಮ್ಮ ಕ್ಲಾಸಿಗೆ ಸೇರಿದ್ದು ಆ ವರ್ಷದ ಫೆಬ್ರವರಿಯಲ್ಲಿ. ಸೇಡಂ ಹತ್ತಿರದ ಮುಧೋಳದ ಹೆಣ್ಣುಮಗಳು, ಇಪ್ಪತ್ತಾರರ ವಯಸ್ಸು, ಕೊಟ್ಟದ್ದು ತಾಂಡೂರಿಗೆ. ಗಂಡ ಅಲ್ಲಿ ಕಲ್ಲು ಪಾಲೀಶು ಮಾಡುವ ಕಾರ್ಖಾನೆಯಲ್ಲಿದ್ದ. ಇನ್ನೊಬ್ಬಳನ್ನು ಮನೆಗೆ ತಂದುಕೊಂಡ. ಇವಳು ಏಳು ವರ್ಷದ ಮಗಳು ರತ್ನಿಯ ಕೈ ಹಿಡಿದು ಸೇಡಂನಲ್ಲಿ ಹಮಾಲಿ ಮಾಡುತ್ತಿದ್ದ ಅಣ್ಣನ ಮನೆಗೆ ಬಂದಳು. ಗಂಡನ ಮನೆಯವರು ಸೊಸೆಯನ್ನು ಕೇಳಲಿಲ್ಲ, ಕೂಸನ್ನು ಕೇಳಿದರು. ಎರಡೂ ಕಡೆಯ ಹಿರಿಯರು ಕೂತು ಬರುವ ಸಂಕ್ರಾಂತಿಯವರೆಗೆ ಸಮಯ ಕೊಟ್ಟರು. ಆ ಹಿರಿಯರಲ್ಲಿ ಶಿವಶರಣಪ್ಪನವರ ಮಾತೇ ಕೊನೆಯ ಮಾತು. ಅವರು ಹೇಳಿದ್ದನ್ನು ಚಂದಮ್ಮ ನನಗೆ ಅಕ್ಷರ ಬಿಡದೆ ಒಪ್ಪಿಸಿದ್ದಳು: "ಕೂಸು ಅಣ್ಣನ ಕೂಳಿನ ಮ್ಯಾಲ ಬೆಳೀಬಾರದು ತಂಗಿ. ವರ್ಷದಾಗ ನಿನ್ನ ಕೈಯಾಗ ನಿಂದೇ ಅಂತ ಒಂದು ದುಡಿಮಿ ಇರಲಿ. ಇದ್ರ ಕೂಸು ನಿಂದು, ಇಲ್ಲಂದ್ರ ಅವರದು."

ದುಡಿಮೆ ಎಂದರೆ ಮಷೀನು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಮಾರ್ಚಿನಲ್ಲಿ ಕಿವಿಯ ಬೆಂಡೋಲೆ ಮಾರಿ ಎಂಬತ್ತು ರೂಪಾಯಿ ತಂದಳು. ಕಾರ್ಡಿನ ಮೇಲೆ ಹೆಬ್ಬೆಟ್ಟು ಒತ್ತಿಸಿದೆ. "ಪ್ರತಿ ತಿಂಗಳ ಹತ್ತನೇ ತಾರೀಖು, ನೆನಪಿರಲಿ" ಎಂದೆ. ಐದು ರೂಪಾಯಿ ನನ್ನ ಲೆಕ್ಕಕ್ಕೆ ಬಿತ್ತು.

ಕಲಿಯುವುದರಲ್ಲಿ ಚುರುಕಿನವಳೇನೂ ಅಲ್ಲ. ಅವಳು ಹೊಲಿದ ಮೊದಲ ಜಂಪರಿನ ಎರಡೂ ತೋಳು ಎಡಗೈಯವೇ ಆಗಿದ್ದವು. "ಇದನ್ನ ತೊಡೋಳಿಗೆ ದೇವರು ಎರಡು ಎಡಗೈ ಕೊಟ್ಟಿರಬೇಕು ನೋಡು" ಎಂದು ಎಲ್ಲರೆದುರು ಕಾಡಿದೆ. ಎಲ್ಲರಿಗಿಂತ ಹೆಚ್ಚು ನಕ್ಕವಳು ತಾಯಿಯ ಜೊತೆ ಕ್ಲಾಸಿಗೆ ಬರುತ್ತಿದ್ದ ರತ್ನಿ. ಆದರೆ ಚಂದಮ್ಮ ಛಲದವಳು. ಮೂರು ತಿಂಗಳು ಕಳೆಯುವುದರೊಳಗೆ ಓಣಿಯ ಜಂಪರು, ಪೆಟಿಕೋಟು, ಮಕ್ಕಳ ಚಡ್ಡಿ ಎಲ್ಲವೂ ಅವಳ ಮನೆಗೇ ಬರತೊಡಗಿದವು. ಒಂಬತ್ತು ಕಂತು ಒಂದು ದಿನವೂ ತಪ್ಪಲಿಲ್ಲ. ಮೇ ತಿಂಗಳಲ್ಲಿ ಹತ್ತನೇ ತಾರೀಖು ಶುಕ್ರವಾರ ಬಿದ್ದಾಗ ಗುರುವಾರವೇ ತಂದು ಕಟ್ಟಿದ್ದಳು.

ಮಂಗಳವಾರ, ಶುಕ್ರವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದೆಂಬ ನೇಮ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇತ್ತು. ನಮ್ಮ ಸಾಹುಕಾರರು ಅದರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ನಮ್ಮ ಪಗಾರದ ದಿನ ಶುಕ್ರವಾರ ಬಂದರೆ ಕೈಗೆ ಸಿಗುತ್ತಿದ್ದುದು ಶನಿವಾರವೇ. ನಾವು ಯಾರೂ ಅದಕ್ಕೆ ತಕರಾರು ಮಾಡಿದವರಲ್ಲ.

ಹತ್ತನೆಯ ಕಂತಿನ ತಾರೀಖು 1975ರ ಜನವರಿ 10. ಅದೂ ಶುಕ್ರವಾರವೇ. ಗುರುವಾರ ಹಗಲೆಲ್ಲ ಚಂದಮ್ಮನ ಕೈಯಲ್ಲಿ ಮೂವತ್ತೊಂದು ರೂಪಾಯಿ ಇತ್ತು. ಸಂಕ್ರಾಂತಿಗೆ ಜಂಪರು ಹೊಲಿಸಿಕೊಂಡವರು ಉಳಿದದ್ದನ್ನು ಕೊಟ್ಟು ಹೋದಾಗ ಸಂಜೆಯಾಗಿ ಅಂಗಡಿ ಮುಚ್ಚಿತ್ತು. ಶುಕ್ರವಾರ ಮಧ್ಯಾಹ್ನ ಕ್ಲಾಸಿಗೆ ಬಂದವಳು ನನ್ನ ಮೇಜಿನ ಹತ್ತಿರ ನಿಂತಳು.

"ಅಕ್ಕೋರ, ನಲವತ್ತೂ ಕೂಡ್ಯಾವ್ರಿ, ಮನ್ಯಾಗ ದೇವರ ಜಗಲಿ ಮ್ಯಾಲ ಇಟ್ಟೀನಿ. ಆದ್ರ ಇವತ್ತ ಶುಕ್ರಾರ ಅದ. ಏನು ಮಾಡ್ಲಿ? ತರ್ಲೇನ್ರಿ?"

ಅವಳ ಮನೆ ಅಂಗಡಿಯಿಂದ ಹತ್ತು ನಿಮಿಷದ ದಾರಿ. 'ಓಡಿ ಹೋಗಿ ತಾ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಹಿರಿಯಕ್ಕನ ಮಾತು. "ಕಡೀ ಕಂತು ಚಂದಮ್ಮ. ಒಂಬತ್ತು ಕಂತು ಒಂದಿನ ತಪ್ಪಿಸಿಲ್ಲ. ಇವತ್ತೊಂದಿನ ಯಾಕ ಲಕ್ಷ್ಮೀನ ಹೊರಗ ಹಾಕ್ತಿ? ನಾಳೆ ಮುಂಜಾನೆ ತಾ. ಸಾವಕಾರ್ರಿಗಿ ನಾ ಹೇಳ್ತೀನಿ" ಎಂದೆ. ಆ ಗಳಿಗೆಯಲ್ಲಿ ಏಳನೆಯ ಕಂಡಿಷನ್ ನನ್ನ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಇಂಥವಳ ಮೇಲೆ ಅದನ್ನು ಯಾರು ಹಾಕುತ್ತಾರೆ ಎಂದುಕೊಂಡೆ. ಸಂಜೆ ಇಳಿದು ಬಂದಾಗ ಸಾಹುಕಾರರು ಅಂಗಡಿಯಲ್ಲಿರಲಿಲ್ಲ. ರೈಲಿಗೆ ಹೊತ್ತಾಯಿತೆಂದು ನಾನೂ ಕಾಯಲಿಲ್ಲ.

ಶನಿವಾರ ಅಂಗಡಿ ತೆರೆಯುವ ಹೊತ್ತಿಗೆ ಚಂದಮ್ಮ ನಿಂತಿದ್ದಳು. ಸೆರಗಿನ ಗಂಟಿನಲ್ಲಿ ನಲವತ್ತು ರೂಪಾಯಿ, ಹಂಚಲು ಸಕ್ಕರೆ ಪುಡಿಕೆ. ಸಾಹುಕಾರರು ಕಾರ್ಡು ನೋಡಿದರು, ಕ್ಯಾಲೆಂಡರು ನೋಡಿದರು. ನೂರಕ್ಕೆ ಎರಡು, ಹತ್ತು ತಿಂಗಳು, ನಾಲ್ಕು ನೂರರ ಮೇಲೆ: ಎಂಬತ್ತು ರೂಪಾಯಿ ಬಡ್ಡಿ. ಅವಳು ತಂದ ನಲವತ್ತನ್ನು ಮೊದಲು ಆ ಬಡ್ಡಿಗೆ ಜಮಾ ಮಾಡಿಕೊಂಡರು. ಉಳಿದ ಬಡ್ಡಿ ನಲವತ್ತು, ಹತ್ತನೆಯ ಕಂತು ನಲವತ್ತು. ಇನ್ನೂ ಎಂಬತ್ತು ತಂದರೆ ಸಿಕ್ಕೆ. ಒಂದು ಮಾತನ್ನೂ ಏರು ದನಿಯಲ್ಲಿ ಆಡಲಿಲ್ಲ. ಅವಳಿಗೆ ಕುಡಿಯಲು ನೀರು ತರಿಸಿದರು.

ಮೇಲಿಂದ ಓಡಿ ಬಂದ ನಾನು ತಪ್ಪು ನನ್ನದೆಂದೆ. "ನಾನೇ ಬ್ಯಾಡ ಅಂದೀನ್ರಿ. ಶುಕ್ರವಾರ ನೀವೂ ನಮಗ ಪಗಾರ ಕೊಡುದಿಲ್ಲಲ್ರಿ!"

"ಕೊಡುದಿಲ್ಲ ಅಕ್ಕೋರ, ಖರೇ" ಎಂದರು ಅವರು. "ಆದ್ರ ತಗೊಳ್ಳಾಕ ಯಾವ ವಾರದ್ದೂ ಅಡ್ಡಿ ಇಲ್ಲ."

ಹಿರಿಯರು ಕೂಡುವುದು ಮರುದಿನ, ಸಂಕ್ರಾಂತಿಯ ಮುಂಚಿನ ಭಾನುವಾರ. ಚಂದಮ್ಮ ಆ ಸಿಕ್ಕೆ ಬಿದ್ದ ಕಾರ್ಡನ್ನು ಅವರ ಮುಂದೆ ಇಡಬೇಕಿತ್ತು. ನನ್ನ ಪರ್ಸಿನಲ್ಲಿದ್ದದ್ದು ಹನ್ನೊಂದು ರೂಪಾಯಿ. ಬರಬೇಕಾದ ಕಮಿಷನ್ ಮೂವತ್ತೈದು ಕೊಡಿ ಎಂದರೆ ತಿಂಗಳ ಕೊನೆಗೆ ಎಂದರು. ಅವಳ ಅಣ್ಣ ಹದಿನೈದು ಹೊಂದಿಸಿದ. ಎಂಬತ್ತು ಎಲ್ಲಿಂದ ಬರಬೇಕು? ಪರಿಚಯದ ಒಬ್ಬ ವಕೀಲರ ಮನೆಗೂ ಹೋದೆ. ಹೈರ್ ಪರ್ಚೇಸಿಗೆಂದೇ ಒಂದು ಕಾಯ್ದೆ ಪಾಸಾಗಿದೆ, ಆದರೆ ಜಾರಿಗೆ ಬಂದಿಲ್ಲ ಎಂದರು. ಕೋರ್ಟಿಗೆ ಹೋದರೆ ವರ್ಷಗಳು ಬೇಕು. ನಮ್ಮ ಹತ್ತಿರ ಒಂದು ದಿನವಿತ್ತು.

ಭಾನುವಾರ ನಾನೂ ಹೋದೆ. ಹಿರಿಯರಿಗೆ ಬಿಡಿಸಿ ಹೇಳಿದರೆ ತಿಳಿಯದೇ ಇರುತ್ತದೆಯೇ ಎಂಬ ನಂಬಿಕೆ. ಅಣ್ಣನ ಮನೆಯ ಅಂಗಳದಲ್ಲಿ ಜಮಖಾನ ಹಾಸಿತ್ತು. ಶಿವಶರಣಪ್ಪನವರು, ಇನ್ನಿಬ್ಬರು ಹಿರಿಯರು, ತಾಂಡೂರಿನಿಂದ ಬಂದ ಚಂದಮ್ಮನ ಮಾವ. ಒಳಗೆ ಬಾಗಿಲ ಹತ್ತಿರ ಮಷೀನು, ಅದರ ಪಕ್ಕದಲ್ಲಿ ಚಂದಮ್ಮ. ಮಾವ ಹಳೆಯ ಕಾಲದ ಉರ್ದು ಓದಿದವರು, ಇಂಗ್ಲಿಷ್ ಬಾರದು. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು.

"ಅಕ್ಕೋರ, ನೀವು ಓದಿದೋರು. ಇದರಾಗ ಏನದ, ಇದ್ದದ್ದು ಇದ್ದಂಗ ಹೇಳ್ರಿ."

ಓದಿದೆ. ಒಂಬತ್ತೂ ಕಂಡಿಷನ್‌ಗಳನ್ನು ಒಂದೊಂದಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಆ ಕಾರ್ಡನ್ನು ನಾನು ಪೂರ್ತಿಯಾಗಿ ಓದಿ ಹೇಳಿದ್ದು ಅದೇ ಮೊದಲು. ಶುಕ್ರವಾರದ ಸಂಗತಿ ಹೇಳಿದೆ, ತಪ್ಪು ನನ್ನದು ಎಂದೆ, ಹದಿನೈದು ದಿನ ಕೊಟ್ಟರೆ ಬಾಕಿ ಮುಗಿಯುತ್ತದೆ ಎಂದೆ. ಶಿವಶರಣಪ್ಪನವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ನಿಮ್ಮ ಮಾತು ತಿಳೀತ್ರಿ. ನಾ ಒಂದೇ ಕೇಳ್ತೀನಿ. ಆ ಮಷೀನ್ ಇವತ್ತ ಈಕೀದೋ, ಅಂಗಡೀದೋ?"

ಚಂದಮ್ಮ ನನ್ನನ್ನೇ ನೋಡುತ್ತಿದ್ದಳು. ಈಕೆಯದು ಎಂದುಬಿಡಬಹುದಿತ್ತು, ಅಲ್ಲಿ ಬೇರೆ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಆಗಷ್ಟೇ ನನ್ನ ಬಾಯಿಂದಲೇ ಎಲ್ಲ ಓದಿ ಮುಗಿಸಿದ್ದೆ.

"ಇವತ್ತ ಅಂಗಡೀದ್ರಿ" ಎಂದೆ.

ಮುಂದಿನದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೊಟ್ಟ ಮಾತು ಮಾತೇ, ಕೂಸು ಅವರದು ಎಂದರು ಶಿವಶರಣಪ್ಪನವರು. ಚಂದಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಮಗಳ ಎರಡು ಅಂಗಿ, ಬಾಚಣಿಗೆ, ಒಂದು ಚೀಲಕ್ಕೆ ತುಂಬಿದಳು. ಹಬ್ಬಕ್ಕೆ ಅಜ್ಜಿಯ ಮನೆಗೆ ಹೊರಟಿದ್ದೇನೆಂದು ರತ್ನಿ ತಿಳಿದಿದ್ದಳು. ಅಜ್ಜನ ಕೈ ಹಿಡಿದು ಹೊರಟಾಗ ತಿರುಗಿ, "ಅಕ್ಕೋರ, ಹಬ್ಬ ಮುಗಿಸಿ ಸೋಮಾರ ಕ್ಲಾಸಿಗಿ ಬರ್ತೀನ್ರಿ" ಎಂದು ಕೂಗಿದಳು. ನಾನು ತಲೆಯಾಡಿಸಿದೆ.

ಅಂಗಳ ಖಾಲಿಯಾದ ಮೇಲೆ ಚಂದಮ್ಮ ಒಂದೇ ಮಾತು ಆಡಿದಳು. "ಆ ಏಳನೇ ಮಾತು ಮೊದಲೇ ಹೇಳಿದ್ರ ಅಕ್ಕೋರ, ನಾ ಲಕ್ಷ್ಮೀಗಿ ತಪ್ಪಾಯ್ತವ್ವಾ ಅಂತ ಕೈ ಮುಗದು ಶುಕ್ರಾರನೇ ತಂದು ಕೊಡ್ತಿದ್ದೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಆ ದಿನ ರೈಲಿನಲ್ಲಿ ಚಿತ್ತಾಪುರದವರೆಗೂ ಅತ್ತೆ.

ತಿಂಗಳ ಕೊನೆಗೆ ಪಗಾರ ಬಂತು. ನಲವತ್ತು ನಾನು ಕೊಟ್ಟೆ, ನಲವತ್ತು ಅವಳು ದುಡಿದಳು. ಕಾರ್ಡಿಗೆ 'ಪೂರ್ತಿ ಜಮಾ' ಸಿಕ್ಕೆ ಬಿತ್ತು. ಅದನ್ನು ಹಿಡಿದು ಶಿವಶರಣಪ್ಪನವರ ಮನೆಗೆ ಹೋದೆ. ಕೆಟ್ಟ ಮನುಷ್ಯರಲ್ಲ, ಕಣ್ಣು ಒದ್ದೆ ಮಾಡಿಕೊಂಡರು. ಆದರೆ ಕೂಸು ತಾಂಡೂರು ಮುಟ್ಟಿ ಆಗಿದೆ, ಈಗ ಮಾತು ತಿರುಗಿಸಿದರೆ ನಾಳೆ ನಮ್ಮ ಮಾತು ಯಾರು ಕೇಳುತ್ತಾರೆ ಎಂದರು.

ಅಂದಿನಿಂದ ನಾನು ಕ್ಲಾಸಿನಲ್ಲಿ ಕಾರ್ಡಿನ ಹಿಂಭಾಗವನ್ನು ಗಟ್ಟಿಯಾಗಿ ಓದಿ ಹೇಳತೊಡಗಿದೆ. ಎರಡು ತಿಂಗಳಲ್ಲಿ ಮಾರಾಟವಾದದ್ದು ಒಂದೇ ಮಷೀನು. ಮೂರನೆಯ ತಿಂಗಳು ಸಾಹುಕಾರರು ನನ್ನನ್ನು ಮನೆಗೆ ಕಳಿಸಿದರು. ಆಮೇಲೆ ಶಹಾಬಾದಿನ ಒಂದು ಮಹಿಳಾ ಮಂಡಳದಲ್ಲಿ ನಿವೃತ್ತಿಯವರೆಗೆ ಹೊಲಿಗೆ ಕಲಿಸಿದೆ. ಕಂತಿನ ಕಾಗದ ಹಿಡಿದು ಯಾರು ಬಂದರೂ, ಪ್ರೆಷರ್ ಕುಕ್ಕರಿನದಿರಲಿ, ಟಿ.ವಿ.ಯದಿರಲಿ, ಕೊನೆಯ ಸಾಲಿನ ತನಕ ಓದಿ ಹೇಳದೆ ಹೆಬ್ಬೆಟ್ಟು ಒತ್ತಗೊಡುತ್ತಿರಲಿಲ್ಲ. ಓದು ಬಾರದವರಿಗೆ ಓದು ಬಂದವರು ಅರ್ಧ ಓದಿ ಹೇಳುವುದೂ ಮೋಸವೇ. ಉಳಿದರ್ಧವನ್ನು ಪ್ರೀತಿಯಿಂದ, ಮರ್ಯಾದೆಯಿಂದ, ನಂಬಿಕೆಯಿಂದ ತುಂಬಿಕೊಡುತ್ತೇವೆ ಎಂದುಕೊಳ್ಳುತ್ತೇವೆ; ಅಂಗಡಿಯ ಲೆಕ್ಕ ಅದನ್ನು ಹಿಡಿಯುವುದಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಅದರ ಫೀಸು ಕಟ್ಟಿದವಳು ಮಾತ್ರ ಚಂದಮ್ಮ.

ಸೇಡಂ ಬಿಡುವ ಮುಂಚಿನ ಒಂದು ದಿನದ ಮಾತು ಉಳಿದಿದೆ. ಚಂದಮ್ಮ ಹಸಿರು ಹೂವಿನ ಚೀಟಿ ಬಟ್ಟೆ ತೆಗೆದುಕೊಂಡು ಕ್ಲಾಸಿಗೆ ಬಂದಳು. ಮಷೀನು ತನ್ನದಾದ ಮೇಲೆ ಕೂಲಿಗಲ್ಲದೆ ಹೊಲಿಯುತ್ತಿದ್ದ ಮೊದಲ ಬಟ್ಟೆ, ರತ್ನಿಗೆ ಒಂದು ಲಂಗ. ಬೆಳೆಯುವ ಮಕ್ಕಳ ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿಯುತ್ತೇವೆ, ಮಗು ಎತ್ತರವಾದಂತೆ ಬಿಚ್ಚಲು. ಬಟ್ಟೆಯನ್ನು ನನ್ನ ಮೇಜಿನ ಮೇಲೆ ಹರಡಿ ಕೇಳಿದಳು.

"ಕೂಸಿನ ಮಾರಿ ಯಾವಾಗ ನೋಡ್ತೀನೋ ಗೊತ್ತಿಲ್ಲ ಅಕ್ಕೋರ. ಎಷ್ಟು ಮಡಚ್ಲಿ?"

ಟೇಪು ಕೈಗೆ ತೆಗೆದುಕೊಂಡೆ. ನನಗೆ ಗೊತ್ತಿದ್ದ ಯಾವ ಅಳತೆಯೂ ಅದಕ್ಕೆ ಸಾಲುವಂತಿರಲಿಲ್ಲ. ಕೊನೆಗೆ, ಬಟ್ಟೆ ಇದ್ದಷ್ಟೂ ಮಡಚು ಎಂದೆ.