ಹಡಗಿನ ತಾತನ ನಿದ್ದೆ

"ಅಮ್ಮಾ, ಹಡಗಿನ ತಾತ ಬಾಗಿಲು ದಾಟೋವಾಗ ಕಾಲನ್ನ ಯಾಕೆ ಅಷ್ಟು ಎತ್ತರ ಎತ್ತುತ್ತಾರೆ? ಅಲ್ಲಿ ಏನೂ ಇಲ್ವಲ್ಲ!" ಎಂದು ಮಗಳು ಕೇಳಿದಾಗ ತಾಯಿಗೆ ನಗು ಬಂತು, ಏಕೆಂದರೆ ಕೆಳಗಿನ ಮನೆಯ ಆ ಮುದುಕರು ದುಡಿದ ಕಾವಲು ಹಡಗುಗಳಲ್ಲಿ ಹೊಸ್ತಿಲೇ ಮೊಣಕಾಲೆತ್ತರ, ಅವರು ನಿವೃತ್ತರಾದರೂ ಕಾಲುಗಳು ಇನ್ನೂ ನಿವೃತ್ತಿಯಾಗಿಲ್ಲ. ತಟ್ಟೆ ಜಾರದಿರಲೆಂದು ಊಟದ ಮೇಜಿನ ಸುತ್ತ ಪಟ್ಟಿ ಹೊಡೆಸಿದ್ದಾರೆ, ಚಹಾದ ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಲು ಬಿಡುವುದಿಲ್ಲ, ಗಾಳಿ ತುಸು ಜೋರಾದರೆ ಸಾಕು, ಕುರ್ಚಿಗಳನ್ನು ಕಿಟಕಿಯ ಸರಳಿಗೆ ಕಟ್ಟಿಹಾಕುತ್ತಾರೆ. ಒಂದೇ ನಕ್ಷೆಯಲ್ಲಿ ಕಟ್ಟಿದ ನಾಲ್ಕು ಹಡಗುಗಳ ಎಂಜಿನ್ ಕೋಣೆಯಲ್ಲೂ ಬೆವರು ಸುರಿಸಿದ ಅವರಿಗೆ ಆ ನಾಲ್ಕೂ ಅಕ್ಕತಂಗಿಯರು: ಹಿರಿಯವಳಿಗೆ ಕೆಮ್ಮು, ಎರಡನೆಯವಳಿಗೆ ಮೂಗಿನ ತುದಿಯಲ್ಲೇ ಕೋಪ, ಮೂರನೆಯವಳು ಹೊಟ್ಟೆಬಾಕಿ, ಕಿರಿಯವಳು ಮಾತ್ರ ಅಪ್ಪಟ ಚಿನ್ನ. "ಯುದ್ಧ ಮಾಡಿದ್ರಾ ತಾತ?" ಎಂದರೆ, "ಇಲ್ಲ ಪುಟ್ಟಿ, ನಾವು ಬೇಲಿ ಕಾಯೋರು. ಕಾಯೋನ ಹತ್ರ ಕತೆ ಇದ್ರೆ ಅವನು ಸರಿಯಾಗಿ ಕಾಯ್ಲಿಲ್ಲ ಅಂತ ಅರ್ಥ" ಎನ್ನುತ್ತಾರೆ. ಉಳಿದಿದ್ದ ಕಿರಿಯವಳನ್ನೂ ಗುಜರಿಗೆಂದು ಒಡೆಯಲು ಎಳೆದೊಯ್ದರೆಂಬ ಸುದ್ದಿ ಬಂದ ವಾರ ಅವರ ಕಣ್ಣು ಕೆಂಪಗಿತ್ತು. ನಿನ್ನೆ ಅವರೇ ಮೆಟ್ಟಿಲು ಹತ್ತಿ ಬಂದಾಗ, ನೆಲ ನಡುಗಿಸುವ ಬಟ್ಟೆ ಒಗೆಯುವ ಮಿಷನ್ನಿನ ದೂರೇ ಇರಬೇಕೆಂದು ತಾಯಿ, "ತಪ್ಪಾಯ್ತು ಅಂಕಲ್, ಇನ್ಮೇಲೆ ಕೈಯಲ್ಲೇ ಒಗೀತೀನಿ" ಎಂದಳು. "ಅಯ್ಯೋ, ಅದನ್ನ ನಿಲ್ಲಿಸ್ಬೇಡಮ್ಮ! ಎಂಜಿನ್ ಸದ್ದಿಲ್ದೆ ನಂಗೆ ನಿದ್ದೆ ಹತ್ತಲ್ಲ. ನಿನ್ನ ಮಿಷನ್ ಥೇಟ್ ನಮ್ಮ ಕಿರಿಯವಳ ಥರಾನೇ ಗುನುಗುತ್ತೆ. ಮಧ್ಯಾಹ್ನ ನಾನು ಮಲಗೋ ಹೊತ್ತಿಗೆ ಹಾಕ್ತೀಯಾ? ಬಟ್ಟೆ ಸಾಲದಿದ್ರೆ ನಂದೇ ತಂದ್ಕೊಡ್ತೀನಿ."