ನಡೆದು ಬಂದವರ ರೊಟ್ಟಿ

ಯಾದಗಿರಿಯ ನಮ್ಮ ಕಚೇರಿಯಲ್ಲಿ ಉರ್ದು ಕಾಗದಗಳು ಕನ್ನಡಕ್ಕೆ ತಿರುಗುತ್ತಿದ್ದ ವರ್ಷಗಳವು. ಕೂತು ಬರೆದೂ ಬರೆದೂ ನನ್ನ ಮೈ ಬೆಳೆದು, ಪೂಜೆಗೆ ಕೂತರೆ ಮೊಳಕಾಲು ಏಳಗೊಡುತ್ತಿರಲಿಲ್ಲ. ಡಾಕ್ಟರು ಊಟಕ್ಕೆ ಎರಡೇ ರೊಟ್ಟಿ ಎಂದರು, ನಡೆಯಲೂ ಹೇಳಿದರು. ನಡೆದ ದಿನ ಒಂದು ಹೆಚ್ಚು ತಿನ್ನಬಹುದೇ ಎಂದು ಕೇಳುವುದನ್ನು ಮರೆತೆ.

ಒಂದು ಸೋಮವಾರ ಅಬ್ಬೆತುಮಕೂರಿನ ಮಠಕ್ಕೆ ನಡೆದೇ ಹೋದೆ. ದಾಸೋಹದಲ್ಲಿ ಬಡಿಸುತ್ತಿದ್ದ ಅಜ್ಜಿ ನನ್ನ ಕಾಲಿನ ಧೂಳು ನೋಡಿ, ಮೂರನೇ ರೊಟ್ಟಿ ಹಿಡಿದು ನಿಂತಳು.

"ನಡದು ಬಂದವರಿಗೆ ಒಂದು ಹೆಚ್ಚಿಗಿರಿ."

ಪ್ರಸಾದವನ್ನು ಬೇಡವೆನ್ನುವುದು ಹೇಗೆ? "ಡಾಕ್ಟ್ರು ಎರಡೇ ಅಂದಾರವ್ವ," ಎಂದೆ.

"ಹೊಳ್ಳಿ ಹೋಗೂದು ಹ್ಯಾಂಗ್ರಿ?"

"ಬಂಡ್ಯಾಗ."

"ಹಂಗಾರ ಅರ್ಧಾ ಸಾಕ್ರಿ," ಎಂದು ಮುರಿದು ಹಾಕಿದಳು.

ಗುರುವೇ ಉತ್ತರ ಕೊಟ್ಟನೆಂದು ಕಣ್ಣಿಗೊತ್ತಿಕೊಂಡು ತಿಂದೆ. ಮರಳುವಾಗಲೂ ನಡೆದೇ ಬಂದೆ. ಉಳಿದರ್ಧ ಕೇಳುವ ಧೈರ್ಯ ಮಾತ್ರ ಬರಲಿಲ್ಲ.