ಸೊಂಟದೆತ್ತರದ ಬೇಲಿ

ಆ ಆಸ್ಪತ್ರೆಗೆ ಫೋನ್ ಮಾಡಿದವರಿಗೆಲ್ಲ ಮೊದಲು ಸಿಗುತ್ತಿದ್ದದ್ದು ಫೋನಮ್ಮನ ದನಿ. ಅವಳಿಗೆ ಬೇರೆ ಹೆಸರಿತ್ತು, ಆದರೆ ಅದು ಬಳಕೆಗೆ ಬರುತ್ತಿದ್ದದ್ದು ಸಂಬಳದ ದಿನ ಮಾತ್ರ. ಮೊದಲು ಅಲ್ಲಿಯೇ ದಾದಿಯಾಗಿದ್ದಳು. ನಡುವಯಸ್ಸಿನಲ್ಲಿ ಯಾವುದೋ ಹಾಳು ಕಾಯಿಲೆ ಎರಡೂ ಕಣ್ಣು ಕಿತ್ತುಕೊಂಡಾಗ ಆಸ್ಪತ್ರೆಯವರು ಅವಳ ಕೈಬಿಡದೆ ಫೋನಿನ ಮುಂದೆ ಕೂರಿಸಿದರು.

ಕಣ್ಣು ಹೋಯಿತು, ಗತ್ತು ಹೋಗಲಿಲ್ಲ. ಹೊಸ ಕೆಲಸದ ಮೊದಲ ದಿನ ಗಂಡ ಕೈಹಿಡಿದು ಕರೆದೊಯ್ಯಲು ಬಂದರೆ ಹೊಸ್ತಿಲಲ್ಲೇ ಕೊಡವಿದಳು.

"ಬಿಡ್ರೀ ಕೈ! ನಾನೇನು ಎಳೇ ಮಗೂನಾ? ನೋಡ್ದೋರೆಲ್ಲ ಅಯ್ಯೋ ಪಾಪ ಅಂತಾರೆ. ಅದೊಂದು ಕೇಳೋದಕ್ಕಿಂತ ಮನೇಲಿ ಬಿದ್ದಿರೋದೇ ವಾಸಿ."

"ಆಯ್ತು, ನಿನ್ನಿಷ್ಟ," ಎಂದು ಗಂಡ ಹಿಂದೆ ಸರಿದ. ಬಸ್ ಗರಾಜಿನಲ್ಲಿ ಟಯರು ಬಿಚ್ಚಿ ಕಟ್ಟುವವನು. ಹೆಚ್ಚು ಮಾತು ಬಾರದು.

ಅವರ ಬೀದಿಯ ಒಂದು ಬದಿಗೆ, ಮನೆಯಿಂದ ಆಸ್ಪತ್ರೆಯ ಗೇಟಿನವರೆಗೂ, ಮನೆಮನೆಯ ಮುಂದೆ ಒಂದೇ ಜಾತಿಯ ಬೇಲಿಗಿಡ. ಅಂದಕ್ಕೆಂದು ನೆಟ್ಟದ್ದು, ವರ್ಷವಿಡೀ ಹಸಿರು, ಕತ್ತರಿಸಿದಷ್ಟೂ ದಟ್ಟ. ಅದರ ಸಮತಟ್ಟು ನೆತ್ತಿಯ ಮೇಲೆ ಅಂಗೈ ಆಡಿಸುತ್ತಾ ಫೋನಮ್ಮ ನಡೆಯುತ್ತಿದ್ದಳು. ಎಲೆ ತಪ್ಪಿ ಕೈ ಗಾಳಿಗೆ ಬಿದ್ದರೆ ಅದು ಯಾರದೋ ಮನೆಯ ಗೇಟು. "ಯಾರ ಹಂಗೂ ಇಲ್ದೆ ಬರ್ತೀನಿ," ಎಂದು ಆಸ್ಪತ್ರೆಯಲ್ಲಿ ಜಂಬ ಕೊಚ್ಚುತ್ತಿದ್ದಳು. ಕೊಚ್ಚಲಿ ಬಿಡಿ, ಉಳಿದಿದ್ದದ್ದು ಅದೊಂದೇ.

ಗಂಡನಿಗೋ ರಜೆ ಬಂತೆಂದರೆ ಕತ್ತರಿಯ ಹುಚ್ಚು. ತನ್ನ ಬೇಲಿ ಮುಗಿಸಿ ಪಕ್ಕದವರದು, ಅದರಾಚೆಯದು. ಬೀದಿಯುದ್ದಕ್ಕೂ ಕಚಕಚ ಸದ್ದು ಕೇಳಿ ಇವಳಿಗೆ ಮೈ ಉರಿಯುತ್ತಿತ್ತು.

"ನಮ್ಮನೆ ನಲ್ಲಿ ಸೋರ್ತಿದೆ, ನಿಮಗೆ ಊರ ಉಸಾಬರಿ! ಬಿಟ್ಟಿ ಚಾಕರಿಗೆ ಸಿಕ್ಕಿದೀರಿ ಅಂತ ಎಲ್ರೂ ನಗ್ತಿರ್ತಾರೆ."

"ಬೀದಿ ಅಂದವಾಗಿರ್ಲಿ ಅಂತ."

"ಅಂದ ಕಟ್ಕೊಂಡು ನನಗೇನಾಗ್ಬೇಕು?"

ಅವನು ನಲ್ಲಿ ಸರಿಮಾಡಲು ಕೂತ.

ಅವನು ಸತ್ತದ್ದು ಗರಾಜಿನಲ್ಲಿ, ಟಯರಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು. ಆಂಬುಲೆನ್ಸ್ ಬೇಕೆಂದು ಯಾರೋ ಮಾಡಿದ ಕರೆಯನ್ನು ಎತ್ತಿದವಳು ಫೋನಮ್ಮನೇ. ಯಾರಿಗೆಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಂದಿನ ದನಿಯಲ್ಲೇ "ಒಂದು ನಿಮಿಷ ಇರಿ" ಎಂದು ಕರೆಯನ್ನು ಮುಂದಕ್ಕೆ ಕೊಟ್ಟಳು.

ಅಳು ಮುಗಿಯುವಂಥದ್ದಲ್ಲ, ರಜೆ ಮುಗಿಯಿತು. ಮತ್ತೆ ಕೆಲಸಕ್ಕೆ ಹೊರಟಳು. ಮಳೆಗಾಲ ಕಳೆಯುವ ಹೊತ್ತಿಗೆ ಬೇಲಿಯ ಮೇಲೆ ಆಡುತ್ತಿದ್ದ ಕೈ ಮೊಣಕೈ ಮಡಚಿ ಎದೆಯ ಮಟ್ಟಕ್ಕೆ ಬಂದಿತ್ತು. ಆಮೇಲೆ ನೆತ್ತಿಯೇ ಸಿಗಲಿಲ್ಲ. ಕಡ್ಡಿಗಳು ಕೆನ್ನೆ ಗೀರುತ್ತಿದ್ದವು. ಒಂದು ಬೆಳಿಗ್ಗೆ ಮುಖ ತಪ್ಪಿಸಲು ರಸ್ತೆಗೆ ಸರಿದವಳು ದಾರಿ ತಪ್ಪಿ, ಹಿಂದಿನಿಂದ ಬಂದ ಸೈಕಲ್ಲು ತಗುಲಿ ಮುಗ್ಗರಿಸಿಬಿದ್ದಳು. ಎಬ್ಬಿಸಲು ಓಡಿಬಂದವಳು ಪಕ್ಕದ ಮನೆಯ ಟೀಚರು.

"ಏನಾಗಿದೆ ನಿಮಗೆಲ್ಲ? ನಿಮ್ಮ ನಿಮ್ಮ ಬೇಲಿ ಕತ್ತರಿಸ್ಕೊಳ್ಳೋಕೂ ಸೋಮಾರಿತನವಾ?" ಬಿದ್ದಲ್ಲಿಂದಲೇ ಫೋನಮ್ಮ ರೇಗಿದಳು.

"ನಾವ್ಯಾವತ್ತು ಕತ್ತರಿಸಿದ್ವಿ ಅಕ್ಕಾ? ಎಲ್ಲಾ ನಿಮ್ಮೆಜಮಾನ್ರೇ ಅಲ್ವಾ," ಎಂದಳು ಟೀಚರು. ಆಮೇಲೆ ದನಿ ತಗ್ಗಿಸಿ, "ನಮಗೆಲ್ಲ ಬೇಲಿ ಎತ್ತರ ಇರ್ಬೇಕಿತ್ತು, ಒಳಗಡೆ ಕಾಣ್ಬಾರ್ದು ಅಂತ. ಅವ್ರು ಒಂದೊಂದು ಮನೆಗೂ ಬಂದು ಕೈಮುಗಿದ್ರು. ಅವಳ ಕೈಗೆ ಸಿಗೋ ಹಾಗಿರ್ಲಿ, ನಾನೇ ಕತ್ತರಿಸ್ಕೊಡ್ತೀನಿ, ಅವಳಿಗೆ ಮಾತ್ರ ಹೇಳ್ಬೇಡಿ ಅಂದ್ರು."

ಫೋನಮ್ಮ ತರಚಿದ ಅಂಗೈಯನ್ನು ಸೆರಗಿಗೆ ಒತ್ತಿಕೊಂಡು ಅಲ್ಲೇ ಕೂತಳು. ಎಷ್ಟು ಮನೆಗಳ ಬಾಗಿಲು ತಟ್ಟಿದನೋ! ಗರಾಜಿನಲ್ಲಿ ಸಂಬಳ ಹೆಚ್ಚಿಸಿ ಎಂದು ಬಾಯಿಬಿಟ್ಟು ಕೇಳಲಾಗದ ಮನುಷ್ಯ. ಅವನ ಮೇಲೆ ಸಿಟ್ಟು ಬಂತು.

"ನನಗೆ ಒಂದ್ಮಾತು ಹೇಳ್ಬಾರ್ದಿತ್ತಾ ಅವ್ರು?"

"ಹೇಳಿದ್ರೆ ನೀವು ಆ ಬೇಲಿ ಮುಟ್ತಿದ್ರಾ ಅಕ್ಕಾ?"



"ಇಲ್ಲಮ್ಮ," ಎಂದಳು. "ಮುಟ್ತಿರ್ಲಿಲ್ಲ."

ಗಂಡ ಸತ್ತ ದಿನವೂ ಜನರೆದುರು ಅಳದಿದ್ದವಳು ನಡುಬೀದಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.